ಮುಂದೆ ಜಾಗವಿದ್ದರೆ ಮಾತ್ರ

ಹಿನೆಕ್, ನಿನ್ನ ಬೆಲ್ಟುಗಳು ಓಡುತ್ತಿವೆ,
ನನ್ನ ರೈಲುಗಳು ನಿಂತಿವೆ.

ರಾತ್ರಿ ಹನ್ನೊಂದೂವರೆ. ಬೊಹುಮೀನಿನ ಬೀದಿಯಲ್ಲಿ
ಮೂರು ದಿನದ ಹಳೆಯ ಹಿಮ, ಮಸಿಬಟ್ಟೆಯ ಬಣ್ಣ.
ನಾಳೆ ನನಗೆ ರಜೆ. ನಿನಗೆ ದಿನಾ ರಜೆ,
ಗಣಿ ಮುಚ್ಚಿದ ಮೇಲೆ.
ನೀನು ಎರಡು ರಸ್ತೆ ಆಚೆ, ನಾಲ್ಕನೇ ಮಹಡಿಯಲ್ಲಿ
ಸೂಪು ಹೀರುವ ಸದ್ದು ನನ್ನ ಹೆಡ್‌ಫೋನಿನಲ್ಲಿ.
ಇಬ್ಬರೂ ಇರುವುದು ಒಂದೇ ಗ್ರಹದಲ್ಲಿ.
ಅದಕ್ಕಿನ್ನೂ ಹೆಸರಿಟ್ಟಿಲ್ಲ.
ತಾಮ್ರವಿದೆ, ಕಬ್ಬಿಣವಿದೆ, ಕಲ್ಲಿದ್ದಲು ಕಾಲ ಬುಡದಲ್ಲೇ ಇದೆ,
ಪಂಜರದ ಲಿಫ್ಟಿನಲ್ಲಿ ಇಳಿಯಬೇಕಿಲ್ಲ.

ಬೆಲ್ಟು ನಿನ್ನ ಪಾಲು, ಹಳಿ ನನ್ನ ಪಾಲು
ಅಂತ ಮೊದಲ ದಿನವೇ ಮಾತಾಗಿತ್ತು.
ಇಪ್ಪತ್ತಾರು ವರ್ಷ ಭೂಮಿಯೊಳಗೆ ಬೆಲ್ಟು ಕಾದವನು ನೀನು;
ಹತ್ತೊಂಬತ್ತು ವರ್ಷದಿಂದ ಜಂಕ್ಷನ್ನಿನ ಕ್ಯಾಬಿನ್ನಿನಲ್ಲಿ ಕೂತು
ಪೋಲೆಂಡಿನಿಂದ ಬಂದದ್ದನ್ನು ಸ್ಲೊವಾಕಿಯಾಕ್ಕೆ,
ಅಲ್ಲಿಂದ ಬಂದದ್ದನ್ನು ಇನ್ನೆಲ್ಲಿಗೋ
ದಾಟಿಸುವವಳು ನಾನು.
ಆಟವಂತೆ ಆಟ!
ಗಾಣದೆತ್ತು ರಜೆಯ ದಿನವೂ ಸುತ್ತು ಹಾಕಿದ ಹಾಗೆ
ಎಂದು ನನ್ನ ಮಗಳು ನಗುತ್ತಾಳೆ.

ಆದರೂ ನಿನ್ನ ಬೆಲ್ಟು ನೋಡುವುದಕ್ಕೇ ಚೆಂದ.
ಎಡಸಾಲು ತಾಮ್ರ, ಬಲಸಾಲು ಕಬ್ಬಿಣ,
ಇರುವೆ ಸಾಲಿಗೆ ಇಸ್ತ್ರಿ ಹಾಕಿದ ಹಾಗೆ.
ಕವಲೊಡೆಯುವಲ್ಲಿ ನಿನಗೊಂದು, ನನಗೊಂದು, ನಿನಗೊಂದು, ನನಗೊಂದು,
ಪಂಚಾಯಿತಿ ಬೇಡದ ಅಣ್ಣತಮ್ಮಂದಿರ ಪಾಲು.
ಮುಂದೆ ತುಂಬಿದರೆ ಹಿಂದಿನದು ಸುಮ್ಮನೆ ನಿಲ್ಲುತ್ತದೆ,
ಒಂದು ಚೂರೂ ಚೆಲ್ಲುವುದಿಲ್ಲ.
"ಗಣಿಯಲ್ಲಿ ಹೀಗಿರಲಿಲ್ಲ," ಅಂದಿದ್ದೆ ನೀನು,
"ಅಲ್ಲಿ ಬೆಲ್ಟು ನಿಂತರೆ ಸಲಿಕೆ, ಓಡಿದರೆ ಧೂಳು."

ಒಂದು ಮಾತ್ರ ನಾನು ಕೇಳಿಲ್ಲ.
ಈ ಲೋಕದಲ್ಲಿ ಬೆಲ್ಟು ಹತ್ತಿ ನಿಂತರೆ
ಅದು ನಮ್ಮನ್ನೂ ಒಯ್ಯುತ್ತದೆ, ಅದಿರಿನ ಜೊತೆಗೆ, ಮೆಲ್ಲಗೆ.
ಆಡುವವರೆಲ್ಲ ಹಾಗೇ ಓಡಾಡುತ್ತಾರೆ.
ನೀನು ಮಾತ್ರ ಸುತ್ತಿ ಬರುತ್ತೀಯ.
ಎಂಟು ಬೆಲ್ಟು ಅಡ್ಡ ಬಂದರೆ ಅವುಗಳ ತುದಿಯ ತನಕ ನಡೆದು
ಆಚೆ ಬದಿಯಲ್ಲಿ ಅಷ್ಟೇ ದೂರ ವಾಪಸು.
ನಿನ್ನ ಬಲಗೈಯ ಎರಡು ಬೆರಳು
ಯಾವ ಪಾಳಿಯಲ್ಲಿ, ಯಾವ ರೋಲರಿನ ಬಾಯಿಗೆ ಹೋದವೆಂದು
ಊರಿಗೆಲ್ಲ ಗೊತ್ತು.

ಇವತ್ತು ಮುಖಭಂಗ ನನ್ನ ಸರದಿ.
ಉತ್ತರದ ಕೂಡುದಾರಿಯಲ್ಲಿ ನಾಲ್ಕು ರೈಲು,
ಒಂದರ ಬಾಲಕ್ಕೆ ಇನ್ನೊಂದರ ಮೂತಿ.
ಕಲ್ಲಿದ್ದಲು ಉಕ್ಕಿಗೆ ಕಾಯುತ್ತಿದೆ, ಉಕ್ಕು ಎಣ್ಣೆಗೆ,
ಎಣ್ಣೆ ಕಲ್ಲಿಗೆ, ಕಲ್ಲು ಮತ್ತೆ ಕಲ್ಲಿದ್ದಲಿಗೆ.
ತಾವು ಮೊದಲು, ಇಲ್ಲ ಇಲ್ಲ ತಾವು ಎನ್ನುತ್ತ
ಬಾಗಿಲಲ್ಲೇ ಸಿಕ್ಕಿಬಿದ್ದ ನೆಂಟರು.
ಎಲ್ಲರಿಗೂ ಕೆಂಪು.
ನೋಡನೋಡುತ್ತಲೇ ಕುಲುಮೆಗಳು ಆರಿದವು,
ನಿನ್ನ ಬೆಲ್ಟು ಹಸಿದ ಕರುಳಿನಂತೆ ಬರಿದೇ ಓಡಿತು.

ಸಿಗ್ನಲು ಇಟ್ಟವಳು ನಾನೇ, ತಪ್ಪು ಜಾಗದಲ್ಲಿ.
ಕ್ಯಾಬಿನ್ನಿಗೆ ಬರುವ ಹೊಸ ಹುಡುಗರಿಗೆ ನಾನು ಕಲಿಸುವ ಮೊದಲ ಪಾಠ:
ಆಚೆ ಜಾಗವಿದ್ದರೆ ಮಾತ್ರ ಒಳಗೆ ಬಿಡು,
ಹೊಸ್ತಿಲ ಮೇಲೆ ಯಾರನ್ನೂ ನಿಲ್ಲಿಸಬೇಡ.
ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಈಗ ಒಂದು ಇಂಜಿನ್ನು ಕಿತ್ತು ಜೇಬಿಗಿಳಿಸಬೇಕು.
ಇಲ್ಲಿ ಆಗುತ್ತದೆ ಅದು, ಟನ್ನುಗಟ್ಟಲೆ ಉಕ್ಕು ಜೇಬಿಗೆ!
ಆದರೆ ನಾನಿರುವುದು ದಕ್ಷಿಣದ ಎಣ್ಣೆಬಾವಿಯ ಹತ್ತಿರ.
ಕೂಡುದಾರಿಗೆ ಹತ್ತಿರದವನು ನೀನು.
ನಡುವೆ ಬೆಲ್ಟು.

"ಸುತ್ತಿಯೇ ಹೋಗು, ಅವಸರವಿಲ್ಲ" ಅಂದೆ ನಾನು.
ಸೂಪಿನ ಸದ್ದು ನಿಂತಿತು.
ನಕ್ಷೆಯಲ್ಲಿ ನಿನ್ನ ಚುಕ್ಕೆ ಬೆಲ್ಟಿನ ಅಂಚಿಗೆ ಬಂದು ನಿಂತಿತು.
ನಿಂತೇ ಇತ್ತು.
ಆಮೇಲೆ,
ನಡೆಯದೆಯೇ ಚಲಿಸಿತು.

ಎಲ್ಲೋ ಉಳಿದಿದ್ದ ಒಂದು ಚೂರು ಕಲ್ಲಿದ್ದಲಿನ ಹಿಂದೆ
ಅದರದೇ ವೇಗದಲ್ಲಿ ನೀನು.
ನಾನು ಉಸಿರು ಬಿಗಿಹಿಡಿದಿದ್ದೆ. ಮೈಕಿನಲ್ಲಿ ಕೇಳಿಸೀತೆಂದು
ಬಿಡುವುದಕ್ಕೂ ಹೆದರಿ.

"ಯಾವುದನ್ನು ಕೀಳಲಿ?" ಅಂದೆ ನೀನು ಕೊನೆಗೆ,
ಸಿಡುಕಿನ ದನಿಯಲ್ಲಿ.
"ಎಣ್ಣೆಯದು" ಅಂದೆ.
ಹಸಿರಾಯಿತು.